ನಲವತ್ತೆರಡು ಅಡಿ ಎತ್ತರದ ಹಸು

ಆರ್ವಿಲ್ ಥಿಬೋ ಇಪ್ಪತ್ತಾರು ವರ್ಷಗಳಿಂದ ವಿಮೆ ಮಾರುತ್ತಿದ್ದದ್ದು ಬ್ರಿಂಡಲ್‌ಬರೋ ಪೇಟೆಯ ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಬಟ್ಟೆ ಒಣಗಿಸುವ ಎಂಟು ಯಂತ್ರಗಳು ಒಟ್ಟಿಗೆ ತಿರುಗಿದರೆ ಮೇಲೆ ಅವನ ಮೇಜು, ಕುರ್ಚಿ, ಕೆನ್ನೆ ಮೂರೂ ನಡುಗುತ್ತಿದ್ದವು. ಅಲ್ಲಿ ಕೂತು ಹಾಕಿದ ಸಹಿಗಳು ಭೂಕಂಪದ ಗೆರೆಗಳಂತೆ ಕಾಣುತ್ತಿದ್ದವು. ಮುಖ್ಯ ಕಚೇರಿಯವರು ಎರಡು ಸಲ ಖೋಟಾ ಎಂದು ವಾಪಸು ಕಳಿಸಿದ್ದರು. ಜೀವವಿಮೆಗೆ ಬಂದವರಿಗೆ ಆ ನಡುಕ ಸ್ವಲ್ಪ ಅವಸರ ಹುಟ್ಟಿಸುತ್ತಿತ್ತು ಎಂಬುದೊಂದೇ ಲಾಭ.

ಹಾಗಾಗಿ ಮುಖ್ಯ ಬೀದಿಯಲ್ಲಿ, ಕ್ಷೌರದಂಗಡಿಯ ಪಕ್ಕ ಖಾಲಿ ಬಿದ್ದಿದ್ದ ತನ್ನ ನಿವೇಶನದಲ್ಲಿ ಮೂರು ಅಂತಸ್ತಿನ ಕಚೇರಿ ಕಟ್ಟಡ ಎಬ್ಬಿಸಲು ಅವನು ಹೊರಟ. ಕೆಳಗಿನ ಎರಡು ಅಂತಸ್ತು ಹಲ್ಲಿನ ಡಾಕ್ಟರು ಮಿರಿಯಂ ಸ್ಟಾಕ್‌ವೆಲ್ ಅವರಿಗೆ ಬಾಡಿಗೆಗೆ, ಮೇಲಿನದು ತನಗೆ. ಡಾಕ್ಟರು ಬರದಿದ್ದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಗುರುವಾರದ ಸಭೆಯಲ್ಲಿ ಊರಿನ ಯೋಜನಾ ಮಂಡಳಿ ಒಪ್ಪದಿದ್ದರೆ ಡಾಕ್ಟರು ಬರುವುದಿಲ್ಲ. ಹೆದ್ದಾರಿ ಪಕ್ಕದ ಮಳಿಗೆಯವರು ಆಗಲೇ ಅವರಿಗೆ ಜಾಗ ತೋರಿಸಿದ್ದರು. “ಒಳಗೊಳಗೇ ವರ್ಷಗಟ್ಟಲೆ ಕಾಯೋಕೆ ನಾನೇನು ಬುದ್ಧಿ ಹಲ್ಲಾ, ಆರ್ವಿಲ್? ಶುಕ್ರವಾರ ಅಲ್ಲಿ ಸಹಿ ಹಾಕ್ಬಿಡ್ತೀನಿ,” ಎಂದು ಅವರು ಹೇಳಿಬಿಟ್ಟಿದ್ದರು.

ಬ್ರಿಂಡಲ್‌ಬರೋದಲ್ಲಿ ಕಟ್ಟಡ ಕಟ್ಟುವ ಮೊದಲು ಬೆಲೂನು ಕಟ್ಟಬೇಕು. ಕಟ್ಟಡ ಎಷ್ಟು ಎತ್ತರವೋ ಅಷ್ಟುದ್ದದ ಹಗ್ಗಕ್ಕೆ ಗ್ಯಾಸು ತುಂಬಿದ ಬೆಲೂನು ಬಿಗಿದು, ಅದೇ ನಿವೇಶನದಲ್ಲಿ ಸಭೆಯ ತನಕ ಹಾರಿಸಬೇಕು. ಊರವರು ಕತ್ತೆತ್ತಿ ನೋಡಿ, ಯಾರ ಕಿಟಕಿಗೆ ಬಿಸಿಲು ತಪ್ಪುತ್ತದೆ, ಯಾರಿಗೆ ಬೆಟ್ಟ ಮರೆಯಾಗುತ್ತದೆ ಎಂದು ಅಂದಾಜು ಹಾಕಿಕೊಂಡು ಸಭೆಗೆ ಬಂದು ಜಗಳವಾಡಬೇಕು. ನಿಯಮದಲ್ಲಿ ಬೆಲೂನು ಎಂದಿತ್ತೇ ಹೊರತು ಎಂಥ ಬೆಲೂನು ಎಂದಿರಲಿಲ್ಲ. ಆರ್ವಿಲ್ ಎಡವಿದ್ದು ಅಲ್ಲಿಯೇ. ಪಕ್ಕದೂರಿನ ಅಂಗಡಿಯಲ್ಲಿ ದೊಡ್ಡ ಬೆಲೂನು ಮುಗಿದಿತ್ತು. ಹಾಲಿನ ಸಂಘದ ಗೋದಾಮಿನಲ್ಲಿ ಜೂನ್ ಮೆರವಣಿಗೆಯ ರಬ್ಬರಿನ ಹಸು ಮಡಚಿಟ್ಟಿತ್ತು: ಕಪ್ಪು ಬಿಳುಪು ಮೈ, ಮೂತಿಯಿಂದ ಬಾಲಕ್ಕೆ ಎಂಟಡಿ, ಮೇಲೆ ಉದ್ದುದ್ದ ಕಣ್ಣರೆಪ್ಪೆ ಬೇರೆ. ಬೆಲೂನು ಅಂದರೆ ಬೆಲೂನು ಎಂದುಕೊಂಡು ಸೋಮವಾರ ಬೆಳಿಗ್ಗೆ ಅವನು ಅದನ್ನೇ ನಲವತ್ತೆರಡು ಅಡಿಗೆ ಏರಿಸಿ, ಹಗ್ಗವನ್ನು ನೆಲದ ಗೂಟಕ್ಕೆ ಬಿಗಿದು, ನಡುಗುವ ಮೇಜಿಗೆ ಹೋಗಿ ಕೂತ.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಕಾರುಗಳು ನಿಂತಿದ್ದವು. ಮಂಗಳವಾರ ಹಸುವಿಗೆ ಪೆಟೂನಿಯಾ ಎಂದು ನಾಮಕರಣವಾಯಿತು. ಯಾರು ಮಾಡಿದರೋ ಗೊತ್ತಿಲ್ಲ, ಎಲ್ಲರೂ ನಾನೇ ಎಂದರು. ಬುಧವಾರ ಮೂಲೆಯ ಹೋಟೆಲಿನಲ್ಲಿ ಬ್ಲೂಬೆರಿ ಚುಕ್ಕೆಯಿಟ್ಟ ಪೆಟೂನಿಯಾ ಪ್ಯಾನ್‌ಕೇಕು ಬಂತು. ಮೇಪಲ್ ಪಾಕ ಸುರಿದುಕೊಂಡು ತಿನ್ನುತ್ತ ಜನ ಕಿಟಕಿಯಾಚೆ ಹಸುವನ್ನೇ ನೋಡುತ್ತಿದ್ದರು.

ಇದೊಂದೂ ಆರ್ವಿಲ್‌ನ ತಲೆಗೆ ಹೋಗಲಿಲ್ಲ. ಅವನ ತಲೆಯಲ್ಲಿ ಇದ್ದವನು ಕ್ಷೌರಿಕ ವಿಲ್ಲರ್ಡ್ ಪೈಕ್ ಒಬ್ಬನೇ. ಊರಲ್ಲಿ ಹೊಸದೆಂಬುದು ಏನೇ ಬಂದರೂ ವಿಲ್ಲರ್ಡ್ ಕತ್ತರಿ ಹಾಕುತ್ತಿದ್ದ. ಅಂಚೆ ಕಚೇರಿಯ ಬಾಗಿಲಿಗೆ ಹಸಿರು ಬಣ್ಣ ಬಳಿದಾಗ ಎರಡು ವರ್ಷ ಕಾಲ ಹಿಂಬಾಗಿಲಿಂದ ಹೋಗಿಬಂದವನು. ಚಳಿಗೆ ಸ್ಟಾರ್ಟಾಗದ ಹಳೆಯ ಟ್ರಕ್ಕಿನಂತೆ ಮೂರು ಸಲ ಗಂಟಲು ಕೆರೆದೇ ಅವನು ಮಾತು ಶುರು ಮಾಡುವುದು. ಆರ್ವಿಲ್ ಮೂರು ದಿನ ಬಚ್ಚಲಿನ ಕನ್ನಡಿಯ ಮುಂದೆ ಆ ದನಿಯನ್ನೇ ಅಣಕಿಸಿ, ಬಿಸಿಲಿನ ದೂರಿಗೊಂದು, ಬೆಟ್ಟದ ದೂರಿಗೊಂದು ಉತ್ತರ ಬಾಯಿಪಾಠ ಮಾಡಿದ. ಅವನ ಹೆಂಡತಿ ಹೊರಗಿನಿಂದ, ಒಳಗಿರುವ ವಿಲ್ಲರ್ಡ್‌ಗೂ ಕಾಫಿ ಬೇಕೇ ಎಂದು ಕೇಳಿದಳು.

ಗುರುವಾರ ಸಂಜೆ ಆರಕ್ಕೆ ಪುರಭವನ ತುಂಬಿತ್ತು. ಮಂಡಳಿಯ ಅಧ್ಯಕ್ಷೆ ಎಲ್‌ಸ್ಪೆತ್ ಕಾರ್ವರ್, ಅರ್ಧ ಊರಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಮೊಟ್ಟೆ ಬೇಯಿಸುವ ಗಡಿಯಾರ ಮುಂದಿಟ್ಟುಕೊಂಡು ತಲೆಗೆ ಎರಡು ನಿಮಿಷ ಎಂದರು. ಡಾಕ್ಟರು ಕೊನೆಯ ಸಾಲಿನಲ್ಲಿ ಕೋಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ವಿಲ್ಲರ್ಡ್ ಎದ್ದ. ಗಂಟಲಿನ ಟ್ರಕ್ಕು ಮೂರನೇ ಸಲಕ್ಕೆ ಶುರುವಾಯಿತು.

“ನಲವತ್ತೆರಡು ಅಡಿ ಇದೆಯಲ್ಲ, ಅದು ಸರಿಯಾಗಿದೆ. ಒಂದಡಿ ಹೆಚ್ಚೂ ಬೇಡ, ಕಮ್ಮೀನೂ ಬೇಡ.”

ಆರ್ವಿಲ್ ಕಿವಿಯಲ್ಲಿ ಬೆರಳಾಡಿಸಿಕೊಂಡ. “ಅಂದ್ರೆ ಒಪ್ಪಿದ ಹಾಗಾಯ್ತಲ್ಲೋ?”

“ಹಸೂನ ಒಪ್ಪಿದೀನಿ ಕಣೋ. ನಿನ್ನ ಕಟ್ಟಡಾನಲ್ಲ.”

“ಎರಡೂ ಒಂದೇ ಎತ್ತರ, ವಿಲ್ಲರ್ಡ್. ಹಸು ಎಲ್ಲಿದೆಯೋ ಅಲ್ಲೇ ಕಟ್ಟಡ ಬರೋದು.”

“ಅದೇ ನಾನೂ ಕೇಳ್ತಿರೋದು. ಹಸು ಎಲ್ಲಿಗೆ ಹೋಗ್ಬೇಕು?”

ಸಭೆಯೆಲ್ಲ ಹೂಂಗುಟ್ಟಿತು. ಆಮೇಲೆ ಹತ್ತೊಂಬತ್ತು ಜನ ಮಾತಾಡಿದರು. ಒಬ್ಬರ ಬಾಯಲ್ಲೂ ಕಟ್ಟಡದ ಸುದ್ದಿಯಿಲ್ಲ. ಒಬ್ಬ ಅಜ್ಜಿ, ಸೋಮವಾರದಿಂದ ಕತ್ತೆತ್ತಿ ಎತ್ತಿ ತನ್ನ ಕುತ್ತಿಗೆ ನೋವೇ ಹೋಯಿತೆಂದಳು. ಇನ್ನೊಬ್ಬ, ಹೆಂಡತಿ ತನ್ನ ಜೊತೆ ಮತ್ತೆ ಮಾತಾಡತೊಡಗಿದ್ದಾಳೆ, ವಿಷಯ ಹಸುವೇ ಆದರೂ ಪರವಾಗಿಲ್ಲ ಎಂದ.

ಎಲ್‌ಸ್ಪೆತ್ ಕನ್ನಡಕ ಸರಿಮಾಡಿಕೊಂಡು ನ್ಯಾಯ ಹೇಳಿದರು. ಅರ್ಜಿದಾರ ಮಂಡಳಿಗೆ ತೋರಿಸಿದ್ದು ಹಸು. ತೋರಿಸಿದ್ದಕ್ಕೆ ಒಪ್ಪಿಗೆ ಕೊಡಬಹುದು, ತೋರಿಸದೆ ಇದ್ದದ್ದಕ್ಕೆ ಹೇಗೆ ಕೊಡುವುದು? ಹಸುವನ್ನು ಕಾಯಂ ಮಾಡುವ ಠರಾವು ಚಪ್ಪಾಳೆಯ ನಡುವೆ ಮಂಡನೆಯಾಯಿತು. ಕೊನೆಯ ಸಾಲಿನಲ್ಲಿ ಡಾಕ್ಟರು ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದನ್ನು ಆರ್ವಿಲ್ ಕಂಡ. ಅವನ ಎದೆಯೊಳಗೆ ಎಂಟೂ ಯಂತ್ರಗಳು ಒಟ್ಟಿಗೆ ತಿರುಗಿದವು.

ಠರಾವಿಗೆ ಕಲಮು ಹುಡುಕುತ್ತ ನಿಯಮದ ಪುಸ್ತಕ ಮಗುಚುತ್ತಿದ್ದ ಎಲ್‌ಸ್ಪೆತ್ ಒಂದು ಪುಟದಲ್ಲಿ ನಿಂತರು. ಸಾವಿರದ ಒಂಬೈನೂರ ಹನ್ನೊಂದರ ನಿಯಮ: ಪೇಟೆಯ ಮಿತಿಯೊಳಗೆ ಯಾರೂ ಹಸುವನ್ನು ನೆಲಕ್ಕೆ ಕಟ್ಟತಕ್ಕದ್ದಲ್ಲ.

ಇದು ರಬ್ಬರಿನ ಹಸು ಎಂದು ಯಾರೋ ನೆನಪಿಸಿದರು. “ಹಸು ಅಂತ ಬರೆದಿದೆ. ಎಂಥ ಹಸು ಅಂತ ಬರೆದಿಲ್ಲ,” ಎಂದರು ಎಲ್‌ಸ್ಪೆತ್.

ಭವನಕ್ಕೆ ಸೂತಕ ಕವಿಯಿತು. ಅಜ್ಜಿ ಕುತ್ತಿಗೆ ಹಿಡಿದುಕೊಂಡಳು. ಡಾಕ್ಟರ ಇನ್ನೊಂದು ಕೈ ಎರಡನೇ ತೋಳನ್ನು ಹುಡುಕುತ್ತಿತ್ತು. ಆರ್ವಿಲ್ ದಡಕ್ಕನೆ ಎದ್ದ.

“ಮಿಸೆಸ್ ಕಾರ್ವರ್, ನೆಲಕ್ಕೆ ಕಟ್ಟಬಾರದು ಅಂತ ತಾನೇ ಇರೋದು?”

“ಹೌದಪ್ಪ.”

“ತಾರಸಿಗೆ ಕಟ್ಟಿದ್ರೆ?”

ಅವರು ಪುಟದ ಎರಡೂ ಬದಿ ನೋಡಿದರು. “ತಾರಸಿ ಸುದ್ದಿ ಇಲ್ಲ.”

“ತಾರಸಿ ಇರ್ಬೇಕು ಅಂದ್ರೆ ಅದರ ಕೆಳಗೂ ಏನಾದ್ರೂ ಇರ್ಬೇಕಲ್ವಾ?”

ಬಲೆ ಕಂಡವನು ವಿಲ್ಲರ್ಡ್ ಒಬ್ಬನೇ. ಮೂರು ಅಂತಸ್ತು ಎದ್ದರೆ ತಾರಸಿ ಹಸುವಿನ ಹೊಟ್ಟೆಗೆ ತಾಗುತ್ತದೆ, ಎಷ್ಟು ಅಂತಸ್ತು ಬಾಯಿಬಿಡು ಎಂದ. ಮೂರನೆಯದು ಆರ್ವಿಲ್‌ನದು. ಆ ಕಿಟಕಿಯ ಪಕ್ಕ ಮೇಜು ಎಲ್ಲಿಡುವುದೆಂದು ಕೂಡ ಗುರುತು ಹಾಕಿಟ್ಟಿದ್ದ. ಕೊನೆಯ ಸಾಲಿನಲ್ಲಿ ಡಾಕ್ಟರ ಕೋಟಿನ ಖಾಲಿ ತೋಳು ನೇತಾಡುತ್ತಿತ್ತು.

“ಎರಡೇ,” ಎಂದ.

ಎಲ್‌ಸ್ಪೆತ್ ಹಲಗೆಯ ಮೇಲೆ ಕಳೆಯುವ ಲೆಕ್ಕ ಮಾಡಿದರು. ಕಟ್ಟಡ ಇಪ್ಪತ್ತೆಂಟು ಅಡಿ; ಹಸುವಿಗೆ ಹದಿನಾಲ್ಕು ಅಡಿ ಗಾಳಿ. ಸರಿ, ಆದರೆ ಗ್ಯಾಸು ತುಂಬುವವರು ಯಾರು, ಬಿರುಗಾಳಿ ಬಂದರೆ ಇಳಿಸಿ ಕಟ್ಟುವವರು ಯಾರು? ಒಂಬತ್ತರಿಂದ ಐದರವರೆಗಾದರೂ ತಾರಸಿಯಲ್ಲಿ ಒಬ್ಬ ಕಾವಲಿರಬೇಕು ಎಂದರು. ಆರ್ವಿಲ್ ಮೂರನೇ ಕ್ಲಾಸಿನ ಹುಡುಗನಂತೆ ಕೈಯೆತ್ತಿದ. ಹಿಮ ಬಿದ್ದರೆ ಕಾವಲುಗಾರನಿಗೊಂದು ಸೂರು ಬೇಕೆಂದು ಅಜ್ಜಿಯೇ ಹೇಳಿದಳು. ಹತ್ತಡಿ ಎತ್ತರದ ಒಂದು ಕೋಣೆ ಮಂಜೂರಾಯಿತು. ಹಸುವಿನ ಹೊಟ್ಟೆಗೂ ಅದಕ್ಕೂ ನಡುವೆ ನಾಲ್ಕಡಿ ಉಳಿಯಿತು. ಅದರೊಳಗೆ ಕಾವಲುಗಾರ ಮೇಜು ಹಾಕಿಕೊಂಡು ವಿಮೆ ಮಾರಬಾರದು ಎಂದು ಯಾವ ನಿಯಮವೂ ಇರಲಿಲ್ಲ. ಆರ್ವಿಲ್ ಕೇಳಲೂ ಇಲ್ಲ. ಮಂಡಳಿಯ ಐದಕ್ಕೆ ಐದು ಕೈ ಮೇಲೆದ್ದವು.

ಡಾಕ್ಟರು ಒಂದೇ ತೋಳಿನ ಕೋಟಿನಲ್ಲಿ ಮುಂದೆ ಬಂದರು. ಹಲ್ಲು ಕೀಳಿಸಿಕೊಳ್ಳುವವರು ಮಲಗಿದಲ್ಲಿಂದಲೇ ಹಸುವನ್ನು ನೋಡಬೇಕು, ಅದನ್ನು ಕಿಟಕಿಯ ಮಟ್ಟಕ್ಕೆ ಇಳಿಸಿದರೆ ಹೇಗೆ ಎಂದು ವಿಚಾರಿಸಿದರು.

“ಇಳಿಸೋದಾದ್ರೆ ಹೊಸ ಅರ್ಜಿ,” ಎಂದರು ಎಲ್‌ಸ್ಪೆತ್ ತಲೆಯೆತ್ತದೆ.

“ಡಾಕ್ಟ್ರೇ, ಮೊದಲು ಸಹಿ ಹಾಕಿ,” ಎಂದು ಆರ್ವಿಲ್ ಕರಾರುಪತ್ರ ಚಾಚಿ, ಬಗ್ಗಿ ಬೆನ್ನನ್ನೇ ಮೇಜು ಮಾಡಿ ನಿಂತ. ಪೆನ್ನು ಬೆನ್ನಿನುದ್ದ ಹರಿಯಿತು. ಕಚಗುಳಿಯಾದರೂ ಅವನು ಅಲುಗಾಡಲಿಲ್ಲ.

ನೆಟ್ಟಗೆ ನಿಲ್ಲುವಷ್ಟರಲ್ಲಿ ಕಿಟಕಿಯಿಂದ ವಿಲ್ಲರ್ಡ್‌ನ ಟ್ರಕ್ಕು ಗುಡುಗಿತು. “ಲೋ ಆರ್ವಿಲ್, ಗಾಳಿ ಎದ್ದಿದೆ, ಪೆಟೂನಿಯಾ ತಲೆಕೆಳಗಾಗ್ತಿದಾಳೆ. ಏನು ನಿಂತು ನೋಡ್ತಿದೀಯ, ಕಾವಲಿನ ಕೆಲಸ ಸಿಕ್ಕಿಲ್ವಾ ನಿಂಗೆ?”

ಆರ್ವಿಲ್ ಕರಾರುಪತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು ನಿವೇಶನದತ್ತ ಓಡಿದ.