ಬೆನ್ನಿಲ್ಲದ ಅಪ್ಪ

ಟೈಲರಕ್ಕನ ಅಂಗಡಿಗೆ ಅಳತೆ ಕೊಡಲು ಹೋದವರು ಅವಳ ತಂಗಿಯ ಪುರಾಣ ಕೇಳದೆ ಹೊರಬರುವ ಹಾಗೇ ಇರಲಿಲ್ಲ. ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಗುಂಡಿಗಳ ಡಬ್ಬಿ, ಸೀಮೆಸುಣ್ಣ, ಅವುಗಳ ಪಕ್ಕದಲ್ಲೇ ತಂಗಿ ಬರೆದ ಏಳು ಕಾದಂಬರಿಗಳು. "ನಮ್ಮ ಪುಟ್ಟೀದು. ಏಳೂ ಅವಳದೇ. ಸ್ವಲ್ಪ ಕೈ ಎತ್ತಿ, ತೋಳಿನ ಅಳತೆ ತಗೋತೀನಿ," ಎನ್ನುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ನಕ್ಕರೆ, "ಹೆತ್ತಿಲ್ಲ, ಸಾಕಿದೀನಿ. ಅದಕ್ಕೇ ಇನ್ನೂ ಮುದ್ದು," ಎಂಬ ಉತ್ತರ ನಾಲಿಗೆಯ ಮೇಲೇ ಇರುತ್ತಿತ್ತು. ಸುಳ್ಳಲ್ಲ. ಅಪ್ಪ ಮನೆ ಬಿಟ್ಟು ಹೋದಾಗ ಅಕ್ಕನಿಗೆ ಏಳು ವರ್ಷ, ತಂಗಿಗೆ ಮೂರು. ಅಮ್ಮ ಬೆಳಗಾದರೆ ಲಾಂಡ್ರಿ ಕೆಲಸಕ್ಕೆ ಓಡಬೇಕಿತ್ತು. ಪುಟ್ಟಿಗೆ ಜಡೆ ಹಾಕಿ, ಮೂಗು ಒರೆಸಿ, ಅಕ್ಷರ ತಿದ್ದಿಸಿದ್ದೆಲ್ಲ ಅಕ್ಕನೇ.

ಈಗ ಪುಟ್ಟಿಗೇ ಐವತ್ತು ದಾಟಿದೆ. ದೊಡ್ಡ ಸಭೆಗಳಲ್ಲಿ ಮೈಕಿನ ಮುಂದೆ ನಿಂತು, "ನೀತಿ ಎಂದರೆ ನಿಯಮಗಳ ಪಟ್ಟಿಯಲ್ಲ, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಬಲ್ಲ ಕಲ್ಪನೆ," ಎಂದು ಗಂಟೆಗಟ್ಟಲೆ ಮಾತಾಡುತ್ತಾಳೆ. ಮುಂದಿನ ಸಾಲಿನಲ್ಲಿ ಕೂತ ಟೈಲರಕ್ಕನಿಗೆ ಅದರಲ್ಲಿ ಅರ್ಧ ತಲೆಗೆ ಹತ್ತುವುದಿಲ್ಲ. ಚಪ್ಪಾಳೆ ಮಾತ್ರ ಎಲ್ಲರಿಗಿಂತ ಮೊದಲು ಅವಳದೇ.

ಎಂಟನೆಯ ಕಾದಂಬರಿ ಅಪ್ಪನ ಕುರಿತು. ಬರೆದದ್ದನ್ನು ಮೊದಲು ಅಂಗಡಿಯಲ್ಲಿ ಅಕ್ಕನಿಗೆ ಓದಿ ಹೇಳುವುದು ಪುಟ್ಟಿಯ ರೂಢಿ. ಈ ಸಲ ಓದು ಮುಗಿದಾಗ ಅಕ್ಕ ಯಂತ್ರ ನಿಲ್ಲಿಸಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಈ ಅಪ್ಪನಿಗೆ ಬೆನ್ನೇ ಇಲ್ವಲ್ಲೇ. ಬರೀ ಮುಂಭಾಗ ಕತ್ತರಿಸಿಟ್ಟಿದೀಯ."

"ಬಿಟ್ಟು ಹೋದವನಿಗೆ ಅಷ್ಟು ಸಾಕು."

"ನನಗೂ ಕಂಡರಾಗದ ಗಿರಾಕಿಗಳು ಬರ್ತಾರೆ. ಅವರ ಅಂಗಿಗೆ ಬೆನ್ನು ಹಾಕದೆ ಕೊಟ್ಟುಬಿಡ್ಲಾ?"

ಪುಟ್ಟಿಗೆ ಕೋಪ ಮೂಗಿನ ತುದಿಯಲ್ಲೇ. "ಅವನ ಪರ ವಕಾಲತ್ತು ಮಾಡ್ತಿದೀಯಾ?" ಎಂದವಳೇ ಹಾಳೆಗಳನ್ನು ಬಾಚಿಕೊಂಡು ಹೊರಟುಹೋದಳು.

ವಕಾಲತ್ತಲ್ಲ, ಹಳೆಯದೊಂದು ನುಂಗಲಾರದ ತುತ್ತು. ಅಪ್ಪ ಒಮ್ಮೆ ವಾಪಸು ಬಂದಿದ್ದ. ಹೋಗಿ ಎರಡು ವರ್ಷವಾಗಿತ್ತು. ಅಮ್ಮ ಕೆಲಸಕ್ಕೆ ಹೋಗಿದ್ದಳು, ಪುಟ್ಟಿ ಜ್ವರದಲ್ಲಿ ಮಲಗಿದ್ದಳು. ಕಿಟಕಿಯಿಂದ ಅವನನ್ನು ಕಂಡ ಒಂಬತ್ತರ ಹುಡುಗಿ ಓಡಿ ಚಿಲಕ ಹಾಕಿದಳು. "ದೊಡ್ಡೋಳೇ," ಎಂದು ಕರೆದ, ಮೂರು ಸಲ ತಟ್ಟಿದ, ಹೋದ. ಮತ್ತೆ ಬರಲಿಲ್ಲ. ಅಮ್ಮ ಸಾಯುವ ತನಕ ಅವನ ದಾರಿ ಕಾದಳು. ಅಕ್ಕ ಅವಳಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಪುಟ್ಟಿಗೆ ಅಪ್ಪ ಸಿಗದ ಹಾಗೆ ಮಾಡಿದವಳು ತಾನೇ ಎಂದು ಗೊತ್ತಾದರೆ ಅವಳು ತನ್ನ ಮುಖ ನೋಡಿಯಾಳೇ ಎಂಬ ಹೆದರಿಕೆ ಇಷ್ಟು ವರ್ಷವೂ ಹೋಗಿರಲಿಲ್ಲ.

ಮೂರು ವಾರ ಕಳೆದು ಪುಟ್ಟಿ ಮತ್ತೆ ಬಂದಳು. ಕಣ್ಣು ಬಾತಿತ್ತು, ಕೋಪ ಇಳಿದಿತ್ತು.

"ಬೆನ್ನು ಹಾಕಿದೀನಿ ಅಕ್ಕ. ಅವನ ಜಾಗದಲ್ಲಿ ನಿಂತು ನೋಡ್ದೆ. ನಾನೇ ಅವನಾಗಿದ್ರೆ ಒಂದ್ಸಲನಾದ್ರೂ ವಾಪಸ್ ಬರ್ತಿದ್ದೆ ಅನ್ನಿಸ್ತು. ಬಂದಿದ್ರೆ ಬಾಗಿಲು ಯಾಕೆ ತೆಗೀಲಿಲ್ಲ? ಅದಕ್ಕೆ ಒಳಗಿದ್ದವರ ಜಾಗದಲ್ಲೂ ನಿಲ್ಲಬೇಕಾಯ್ತು. ಎಲ್ಲಾ ಬರೀ ಕಲ್ಪನೆ, ಕೇಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೈಲರಕ್ಕನ ಕೈ ಕೊರಳಲ್ಲಿದ್ದ ಟೇಪಿಗೆ ಹೋಯಿತು.

ಪುಟ್ಟಿ ಓದಿದಳು. ಕಾದಂಬರಿಯ ಹುಡುಗಿ ಕಿಟಕಿಯಿಂದ ಅಪ್ಪನನ್ನು ಕಂಡಳು. ಬಂದವನು ಮತ್ತೆ ಹೋಗುತ್ತಾನೆ, ಅಮ್ಮ ಹಾಗೆ ಅಳುವುದನ್ನು ಇನ್ನೊಂದು ಸಲ ನೋಡಲಾರೆ ಎಂದುಕೊಂಡಳು. ಓಡಿಹೋಗಿ ಮೇಲಿನ ಚಿಲಕ ಹಾಕಿದಳು. ಆಮೇಲೆ ಒಂದು ಸಾಲು: 'ಅವಳು ಮಾಡಿದ್ದು ತಪ್ಪಲ್ಲ ಎಂದು ನಾನು ಹೇಳಲಾರೆ. ಆದರೆ ಆ ಬಾಗಿಲ ಹಿಂದೆ ನಾನಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.'

ಅಮ್ಮ ಅಳುವುದನ್ನು ನೋಡಲಾರೆ ಎಂದು ಅವತ್ತು ಅಂದುಕೊಂಡದ್ದನ್ನು ಟೈಲರಕ್ಕ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಜ್ವರದಲ್ಲಿ ಮಲಗಿದ್ದ ಐದರ ಮಗು ಅದನ್ನು ಎಲ್ಲಿಂದ ಹುಡುಕಿ ತಂದಿತು? ಸಭೆಯಲ್ಲಿ ತಲೆಗೆ ಹತ್ತದ ಮಾತು ಈಗ ಪೂರ್ತಿ ಹತ್ತಿತು. ಹೆದರಿಕೆ ಇತ್ತು, ಆದರೆ ಅದಕ್ಕಿಂತ ದೊಡ್ಡದಾಗಿ ಹೆಮ್ಮೆ ಉಕ್ಕಿಬಂತು. ಇಂಥವಳನ್ನು ಬೆಳೆಸಿದ ಕೈ ನನ್ನದು ಎಂದುಕೊಂಡಳು.

"ಚೆನ್ನಾಗಿದೆ. ಒಂದೇ ಒಂದು ತಪ್ಪಿದೆ," ಎಂದಳು.

"ಏನು?"

"ಮೇಲಿನ ಚಿಲಕ ಅಂತ ಬರ್ದಿದೀಯ. ಕೆಳಗಿಂದು, ಪುಟ್ಟಿ. ಮೇಲಿಂದು ನನಗೆ ಎಟುಕ್ತಿರ್ಲಿಲ್ಲ."

ಪುಟ್ಟಿ ತಲೆ ಎತ್ತಿ ಅಕ್ಕನ ಮುಖ ನೋಡಿದಳು. ಆಮೇಲೆ ಹಾಳೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಒಂದು ಪದ ಹೊಡೆದುಹಾಕಿ, ಅದರ ಮೇಲೆ ಇನ್ನೊಂದು ಬರೆದು, ಆ ಸಾಲನ್ನು ಮೊದಲಿನಿಂದ ಓದಿದಳು. ಓದುವಾಗ ಒಂದು ಕೈ ಅಕ್ಕನ ಬೆನ್ನ ಮೇಲಿತ್ತು.

"ಈಗ?"

"ಈಗ ಸರಿಯಾಗಿ ಮೈಗೆ ಕೂತಿದೆ," ಎಂದಳು ಟೈಲರಕ್ಕ.