ಬೇಲದ ಮರದ ಬೀಡಿ ಕೆಂಡ

ನಾನು ಒಂದು ಕ್ಯಾಮೆರಾ. ಮದುವೆಮನೆಯಲ್ಲಿ ಗಂಡು-ಹೆಣ್ಣಿನ ಹಲ್ಲು ಎಣಿಸುವ ಜಾತಿಯಲ್ಲ. ಮರಕ್ಕೆ ಕಟ್ಟಿಸಿಕೊಂಡು ಕಾಡು ಕಾಯುವ ಜಾತಿ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ನನ್ನ ಒಡಹುಟ್ಟಿದವರು ಎಷ್ಟಿದ್ದರೆಂದರೆ, ಎಲ್ಲರೂ ಒಟ್ಟಿಗೆ ಕಣ್ಣು ಬಿಟ್ಟಿದ್ದರೆ ಸೂರ್ಯನೇ ನಾಚಿ ಮನೆಗೆ ಹೋಗುತ್ತಿದ್ದ. ಮುಂದೆ ಬಿಸಿಮೈಯ ಪ್ರಾಣಿ ಸುಳಿದರೆ ಸಾಕು, ನಾನು ಎಚ್ಚರಾಗುತ್ತೇನೆ. ಕತ್ತಲಾಗಿದ್ದರೆ ಹಣೆಯ ಪುಟ್ಟ ದೀಪಗಳು ಕೆಂಪಗೆ ಮಿನುಗಿ ಚಿತ್ರ ತೆಗೆಯುತ್ತವೆ.

ಅರಣ್ಯ ಇಲಾಖೆಯವರು ನನ್ನನ್ನು ಮೊದಲು ಒಂದು ನೀರಿನ ಕಟ್ಟೆಯ ಬಳಿ ಕಟ್ಟಿದರು. ಅಲ್ಲಿ ಆನೆಯೊಂದು ನನ್ನ ಮೇಲೆ ಬೆನ್ನು ತಿಕ್ಕಿಕೊಂಡಿತು. ಆ ತುರಿಕೆ ತೀರುವಷ್ಟರಲ್ಲಿ ನನಗೆ ಮುಪ್ಪೇ ಬಂದಿತ್ತು. ಸೊಟ್ಟಗಾದ ನನ್ನನ್ನು ವಾಚರ್ ಸಿದ್ದರಾಜು ಕೈಯಿಂದಲೇ ನೆಟ್ಟಗೆ ಮಾಡಿ, ಹನೂರಿನ ಆಚೆಯ ಒಂದು ಪೋಡಿಗೆ ತಂದ. ಪೋಡು ಎಂದರೆ ಸೋಲಿಗರ ಹಾಡಿ. ಅಲ್ಲಿನ ಮಣ್ಣು ಮಾಡುವ ಜಾಗದಲ್ಲಿ, ರಾತ್ರಿ ಮಣ್ಣು ಕೆದರುವುದು ಯಾವುದೆಂದು ನೋಡಲು, ಒಂದು ಬೇಲದ ಮರಕ್ಕೆ ನನ್ನನ್ನು ಬಿಗಿದ.

ನನ್ನ ಎದುರಿಗೆ ಒಂದು ಹೊಸ ಸಮಾಧಿ. ಒಳಗೆ ಮಲಗಿದ್ದವನು ಜೇನು ಕೀಳುವ ಬೇದೇಗೌಡ. ಅವನ ಹೆಂಡತಿ ಕೇತಮ್ಮ ದಿನವೂ ಇಳಿಹೊತ್ತಿಗೆ ಬಂದು, ಮುತ್ತುಗದ ಎಲೆಯಲ್ಲಿ ಜೇನಿಟ್ಟು ಹೋಗುತ್ತಿದ್ದಳು. ಬೆಳಗಾದರೆ ಜೇನು ಖಾಲಿ, ಮಣ್ಣು ಕೆದರಿರುತ್ತಿತ್ತು. ಬೇದೇಗೌಡ ಎದ್ದು ಬರುತ್ತಾನೆಂದು ಪೋಡಿನವರು ಹೆದರಿ ಬಾಗಿಲು ಹಾಕಿಕೊಂಡರು. ಕೇತಮ್ಮ ಮಾತ್ರ ಬಾಗಿಲು ತೆಗೆದೇ ಮಲಗಿದಳು.

ಮೊದಲ ರಾತ್ರಿಯೇ ನಾನು ಕಳ್ಳನನ್ನು ಕಂಡೆ. ಗಿಡ್ಡ ಕಾಲು, ಕಪ್ಪು ಹೊಟ್ಟೆ, ತಲೆಯಿಂದ ಬಾಲದವರೆಗೆ ಬಿಳಿ ಪಂಚೆ ಹೊದ್ದಂಥ ಬೆನ್ನು. ಅದು ತರಕರಡಿ, ಕರಡಿಯಲ್ಲ, ನಾಯಿಗಾತ್ರದ ಜೇನುಗಳ್ಳ. ಉಗುರುಗಳೋ, ಭೂಮಿಯನ್ನೇ ಉತ್ತು ಆ ಕಡೆಯಿಂದ ಹೊರಬರುವಂಥವು. ಜೇನು ನೆಕ್ಕಿತು. ಮಣ್ಣಿಗೆ ಸೋರಿದ್ದನ್ನೂ ಬಿಡದೆ ಕೆದಕಿತು. ಆಮೇಲೆ ಗುಂಡಿಗೆ ಮೂಗಿಟ್ಟು, ಕೆಳಗಿನಿಂದ ಯಾರೋ ಮಾತಾಡುತ್ತಿರುವಂತೆ ಬಹಳ ಹೊತ್ತು ನಿಂತಿತು. ದಿನದಿಂದ ದಿನಕ್ಕೆ ಗುಂಡಿ ಆಳವಾಯಿತು. ನನಗೆ ಕೂಗಲು ಬಾಯಿಲ್ಲ. ಮುಚ್ಚಿಕೊಳ್ಳಲು ರೆಪ್ಪೆಯೂ ಇಲ್ಲ.

ಒಂದು ಬೆಳಿಗ್ಗೆ ಗುಂಡಿಯಲ್ಲಿ ಹೆಣಕ್ಕೆ ಹೊದಿಸಿದ್ದ ಬಟ್ಟೆಯ ಚುಂಗು ಕಂಡಿತು. ಸಿದ್ದರಾಜು ನನ್ನ ಹೊಟ್ಟೆಯ ಚಿತ್ರಗಳನ್ನು ತನ್ನ ಫೋನಿಗೆ ತುಂಬಿಕೊಂಡು ಕೇತಮ್ಮನನ್ನು ಕರೆತಂದ.

“ನೋಡವ್ವ, ಇವ್ನೇ ನಿನ್ ಗಂಡ. ಇನ್ನೊಂದು ರಾತ್ರಿ ಬುಟ್ರೆ ಹೆಣ ಈಚೆಗೆ ಎಳಿತದೆ. ಕಲ್ಲು ಪೇರಿಸ್ಬುಡಾನ.”

“ಬ್ಯಾಡ ಕನ್ಲಾ. ಎದೆ ಮ್ಯಾಲೆ ಕಲ್ಲೇರುದ್ರೆ ಅವ್ನು ಎದ್ದು ಬರದೆಂಗೆ?”

“ಬರೋದು ತರಕರಡಿ ಕನವ್ವ!”

ಕೇತಮ್ಮ ಫೋನನ್ನು ಮೂಗಿನ ತನಕ ತಂದು ನೋಡಿದಳು. “ತರಕರಡಿ ನಂಗೆ ಗೊತ್ತಿಲ್ವಾ? ನೀನು ಚಡ್ಡಿ ಹಾಕದ್ ಕಲಿಯಾಕೆ ಮುಂಚ್ಲೇ ನೋಡಿವ್ನಿ. ಜೇನು ತಿಂದದ್ದು ಇದೇಯ, ಒಪ್ದೆ. ಮತ್ತೆ ಬೀಡಿ ಸೇದೋನು ಯಾರ್ಲಾ?”

“ಯಾವ ಬೀಡಿ?”

“ದಿನಾ ರಾತ್ರಿ ಈ ಮರದ್ ತಾವು ಕೆಂಡ ಕಾಣ್ತದೆ. ಹತ್ತದೆ, ಆರ್ತದೆ, ಹತ್ತದೆ. ಅವ್ನು ಸೇದ್ತಿದ್ದದ್ದೂ ಹಂಗೇಯ. ನಿನ್ ತರಕರಡಿ ಬೀಡಿ ಸೇದದಾ?”

ಸಿದ್ದರಾಜು ಮೆಲ್ಲಗೆ ತಲೆಯೆತ್ತಿ ನನ್ನ ಹಣೆ ನೋಡಿದ. ನಾನೂ ಅವನನ್ನು ನೋಡಿದೆ. ಊರೆಲ್ಲ ಹೆದರಿದ್ದ ದೆವ್ವದಲ್ಲಿ ಅರ್ಧ ನಾನೇ ಎಂದು ಆಗ ತಿಳಿಯಿತು. ಅವನು ನನ್ನ ಗುಟ್ಟು ಬಿಟ್ಟುಕೊಡಲಿಲ್ಲ.

“ಹಂಗಾರೆ ಅವ್ನು ಮರದ್ ತಾವೇ ಅವ್ನೆ ಕನವ್ವ, ಮಣ್ಣೊಳಗಿಲ್ಲ,” ಎಂದ. “ಕಲ್ಲು ಮಡಗುದ್ರೆ ಅವ್ನಿಗೇನೂ ಆಗಕಿಲ್ಲ. ಜೇನ ಇಲ್ಲಿಗೇ ತಂದ್ ಮಡಗು.”

ಕೇತಮ್ಮ ಗುಂಡಿಗೆ ಮಣ್ಣು ತುಂಬಿ, ಮೊದಲ ಕಲ್ಲನ್ನು ತಾನೇ ಇಟ್ಟಳು. “ನನ್ಗಿಂತ ಭಾರ ಇಲ್ಲ, ಸುಮ್ಕೆ ಮನಿಕೊ,” ಎಂದಳು.

ಅಂದು ಸಂಜೆ ಅವಳು ಮರದ ಬುಡದಲ್ಲಿ ಜೇನಿಟ್ಟಳು. ಹೊರಟವಳು ಹಿಂದಿರುಗಿ, ಬೆರಳಿಗಂಟಿದ ಜೇನನ್ನು ನನ್ನ ಹಣೆಗೆ ಸವರಿದಳು. “ನೀನೂ ಕಾಯ್ತೀಯಲ್ಲ, ತಕೋ,” ಎಂದಳು. ಅದುವರೆಗೆ ನನಗೆ ಯಾರೂ ಊಟ ಕೊಟ್ಟವರಿರಲಿಲ್ಲ. ಆದರೆ ಆ ಪ್ರೀತಿಯೇ ನನಗೆ ಮುಳುವಾಯಿತು. ತರಕರಡಿ ಬಂದು ಎಲೆ ನೆಕ್ಕಿ, ಮರ ಹತ್ತಿ, ನನ್ನ ಹಣೆಯನ್ನು ಹಲಸಿನ ತೊಳೆಯಂತೆ ಬಿಡಿಸಿ ತಿಂದಿತು. ಅದರ ಗಂಟಲಿನ ಕತ್ತಲೆಯೇ ನಾನು ತೆಗೆದ ಕೊನೆಯ ಚಿತ್ರ.

ಸಿದ್ದರಾಜು ನನ್ನ ಬ್ಯಾಟರಿ ಕಿತ್ತುಕೊಂಡ. ಮರಕ್ಕೆ ಬಿಗಿದ ಪಟ್ಟಿಗೆ ಕೈಹಾಕಿದಾಗ ಕೇತಮ್ಮ ತಡೆದಳು.

“ಅದ ಅಲ್ಲೇ ಬುಡ್ಲಾ. ಪಾಪ, ಅವ್ನಿಗೂ ಜೊತೆ ಬೇಕು.”

ಮುರಿದದ್ದನ್ನು ಇಲಾಖೆಯೂ ಕೇಳಲಿಲ್ಲ. ಹಾಗಾಗಿ ಇಲ್ಲೇ ಇದ್ದೇನೆ. ಬ್ಯಾಟರಿಯ ಜಾಗದಲ್ಲಿ ಒಂದು ಜೇಡ ಸಂಸಾರ ಹೂಡಿದೆ. ಕಲ್ಲು ಪೇರಿಸಿದ ಸಮಾಧಿಯ ತಂಟೆಗೆ ತರಕರಡಿ ಹೋಗುವುದಿಲ್ಲ. ಮರದ ಬುಡದ ಜೇನು ತಿಂದು ತನ್ನ ದಾರಿ ಹಿಡಿಯುತ್ತದೆ.

ಇಂದು ಬೆಳಿಗ್ಗೆಯೂ ಕೇತಮ್ಮ ಬಂದಳು. ಖಾಲಿ ಎಲೆ ಎತ್ತಿ, ಬೇಲದ ಮರವನ್ನು ಗದರಿದಳು.

“ರಾತ್ರಿ ಏನ್ ಸೇದುದ್ದು ಸೇದುದ್ದೇ! ಕಾಡಿಗೇ ಬೆಂಕಿ ಬಿತ್ತೇನೋ ಅಂತಿದ್ದೆ. ಎದೆ ಸುಟ್ಟೋದದು ಕನೋ.”

ನನ್ನ ಹಣೆಯಲ್ಲಿ ಒಂದು ದೀಪವೂ ಉಳಿದಿಲ್ಲ. ಹಾಗಿದ್ದರೆ ಅವಳು ಕಂಡ ಕೆಂಡ ಯಾರದ್ದು? ಬಿಸಿಮೈ ಸುಳಿದರೆ ತಿಳಿಯುವುದು ನನ್ನ ಹುಟ್ಟುಗುಣ. ಅದೊಂದು ಇನ್ನೂ ಸತ್ತಿಲ್ಲ. ಕೆಲವು ರಾತ್ರಿ ನನ್ನ ಪಕ್ಕೆಗೆ ಬೆಚ್ಚಗೆ ತಾಗುತ್ತದೆ, ಮರಕ್ಕೊರಗಿ ಯಾರೋ ಕೂತ ಹಾಗೆ. ತಿರುಗಿ ನೋಡೋಣವೆಂದರೆ ನನಗೆ ಕತ್ತಿಲ್ಲ.