ಬೆನ್ನ ಮೇಲೆ ಕೈಯಿಟ್ಟು ನೋಡಿ

ಸಂಜೆ ಹಿಂಡು ಮನೆಗೆ ಬರುವಾಗ ಕುರಿಗಳ ಹೊಟ್ಟೆ ಎರಡೂ ಕಡೆ ಉಬ್ಬಿದ್ದರೆ ಕಾಯುವವನಿಗೆ ಸಮಾಧಾನ. ಇವತ್ತು ಚೆನ್ನಾಗಿ ಮೇದಿವೆ ಎಂದುಕೊಂಡು ಕೈಕಾಲು ತೊಳೆದು ಊಟಕ್ಕೆ ಕೂರುತ್ತಾನೆ. ಸಂಡೂರು ತಾಲೂಕಿನ ವಡ್ಡು ಊರಿನ ಹೊನ್ನೂರುಸ್ವಾಮಿಯೂ ದಿನಾ ಹಾಗೇ ಊಟಕ್ಕೆ ಕೂರುತ್ತಿದ್ದ. ಆದರೂ ಹೋದ ವರ್ಷ ಯುಗಾದಿ ಹೊತ್ತಿಗೆ ಅವನ ದೊಡ್ಡಿಯಲ್ಲಿ ಹುಟ್ಟಿದ ಹದಿನಾರು ಮರಿಗಳಲ್ಲಿ ಒಂಬತ್ತು ಮರಿ ಹತ್ತು ದಿನ ದಾಟಲಿಲ್ಲ.

ಮರಿಗಳಿಗೆ ರೋಗವೇನೂ ಇರಲಿಲ್ಲ. ಹುಟ್ಟುವಾಗಲೇ ಮೊಲದ ಮರಿಯಂತಿದ್ದವು. ತಡವರಿಸಿ ಎದ್ದು ಕೆಚ್ಚಲಿಗೆ ಬಾಯಿ ಹಾಕಿದರೆ ತಾಯಿಗೆ ಹಾಲಿಲ್ಲ.

ಅವನ ಹೆಂಡತಿ ಸುಂಕಮ್ಮನಿಗೆ ಇದನ್ನು ನೋಡಲಾಗಲಿಲ್ಲ. ಅದೇ ವಾರ ಪಕ್ಕದ ಓಣಿಯಲ್ಲಿ ಗೃಹಪ್ರವೇಶವಿತ್ತು. ಪಂಕ್ತಿ ಮುಗಿದ ಮೇಲೆ ಅನ್ನ ಉಳಿದಿತ್ತು. ಎರಡು ಬಕೆಟ್ ತುಂಬಿಕೊಂಡು ಬಂದು ಈದ ಕುರಿಗಳ ಮುಂದೆ ಸುರಿದಳು. ಹಸಿದಿದ್ದವು, ಮುಗಿಬಿದ್ದು ತಿಂದವು. ಮರುದಿನ ಮುಂಜಾನೆ ಎರಡು ಕುರಿ ಮೇಲೇಳಲಿಲ್ಲ. ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತಾ, ನೀರಿನಂತೆ ಭೇದಿಯಾಗಿ ಸಂಜೆಯೊಳಗೆ ಸತ್ತವು. ಅದರಲ್ಲೊಂದು ಕೆಂಚಿ, ಹಿಂಡಿನ ಮುಂದೆ ನಡೆಯುತ್ತಿದ್ದ ಕುರಿ.

ಹೊನ್ನೂರುಸ್ವಾಮಿ ಹೆಂಡತಿಯನ್ನು ಬೈಯಲಿಲ್ಲ. "ಇನ್ನ ಮ್ಯಾಲೆ ಕುರಿಗೆ ನೀ ಏನೂ ಹಾಕಬ್ಯಾಡ" ಎಂದಷ್ಟೇ ಅಂದ. ಅಂದಿನಿಂದ ಸುಂಕಮ್ಮ ದೊಡ್ಡಿ ಗುಡಿಸುತ್ತಾಳೆ, ತೊಟ್ಟಿಗೆ ನೀರು ತುಂಬುತ್ತಾಳೆ. ಒಂದು ಎಳೆ ಸೊಪ್ಪು ಹಿಡಿದು ಕೂಡ ಕುರಿಯ ಹತ್ತಿರ ಹೋಗುವುದಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದಳೇನೋ.

ಈ ವರ್ಷ ಹದಿನೆಂಟು ಕುರಿ ಗಬ್ಬವಾಗಿದ್ದವು. ಹೊನ್ನೂರುಸ್ವಾಮಿ ಮನೆಯಲ್ಲಿ ಒಂದು ಮಾತು ಹೇಳಿಬಿಟ್ಟಿದ್ದ: "ಈ ಸಲನೂ ಮರಿ ಹೋದ್ವು ಅಂದ್ರ ಹಿಂಡು ಕೊಟ್ಟುಬಿಡೋದು. ತೋರಣಗಲ್ಲಿನ ಉಕ್ಕಿನ ಕಾರ್ಖಾನಿಗೆ ಕಾಂಟ್ರಾಕ್ಟ್ ಕೆಲಸಕ್ಕ ಹೋಗ್ತೀನಿ. ಮೇಸ್ತ್ರಿಗೆ ಹೇಳೀನಿ." ಅವನ ಅಪ್ಪ ಮೂಕಪ್ಪ ಅದನ್ನು ಕೇಳಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ಮೂಕಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಟ್ಟೆಯ ಮೇಲೆ ಕೂತು, ಕುರಿಗಳ ಸದ್ದು ಕೇಳುತ್ತಾ ಅವನ ದಿನ ಕಳೆಯುತ್ತಿತ್ತು.

ಶಿವರಾತ್ರಿಗೆ ಹದಿನೈದು ದಿನ ಇರುವಾಗ ಸುಮಲತಾ ಬಂದಳು. ಅವಳು ಅದೇ ಊರಿನವಳು, ಸ್ವಸಹಾಯ ಸಂಘದಿಂದ ಪಶುಸಖಿ ಆದವಳು. ತರಬೇತಿ ಪಡೆದು, ಹೆಗಲಿಗೊಂದು ಚೀಲ ಹಾಕಿಕೊಂಡು, ದನ ಕುರಿ ಇರುವ ಮನೆಗಳಿಗೆ ಹೋಗುತ್ತಾಳೆ. ಊರವರು ತಮಾಷೆಗೆ 'ಕುರಿ ಡಾಕ್ಟರಮ್ಮ' ಅನ್ನುತ್ತಾರೆ.

"ಅಣ್ಣ, ಎಷ್ಟು ಕುರಿ ಗಬ್ಬ ಅದಾವು?"

"ಹದಿನೆಂಟು. ಯಾಕವ್ವ, ಕುಬಸ ಮಾಡಾಕ ಬಂದೀಯೇನು?"

"ಕುಬಸಾನೇ ಅನ್ಕೋ. ಬಸುರಿ ಹೆಣ್ಮಗಳಿಗೆ ಐದು ಮನಿಯವರು ಕರದು ಉಣ್ಣಸ್ತೀವಿ. ಬಸುರಿ ಕುರಿಗೆ ಏನ್ ಹಾಕ್ತೀ?"

"ಕುರಿಗೆ ಅಡವಿ ಐತಿ. ನಮ್ಮಪ್ಪ, ನಮ್ಮ ತಾತ ಯಾವಾಗ ಹಿಂಡಿ ಹಾಕಿದ್ರು?"

ಕಟ್ಟೆಯ ಮೇಲಿಂದ ಮೂಕಪ್ಪ ಅಂದ: "ಲೇ, ನನ್ನ ಕಾಲದಾಗ ಅಡವಿ ಇತ್ತಲೇ. ಈಗ ಮಾಘ ಬಂತು ಅಂದ್ರ ಹುಲ್ಲಿಗಿಂತ ಗಣಿ ಕೆಂಪು ಧೂಳೇ ಜಾಸ್ತಿ."

"ನೀ ಸುಮ್ನಿರಪ್ಪ. ನೋಡು ತಂಗಿ, ಹೊಟ್ಟಿ ಹೆಂಗ ಅದಾವು, ಡೊಳ್ಳು ಇದ್ದಂಗ."

"ಹೌದಣ್ಣ, ಡೊಳ್ಳೇ. ಡೊಳ್ಳಿನೊಳಗ ಏನಿರ್ತತಿ?"

ಮೂಕಪ್ಪ ಕೇಕೆ ಹಾಕಿ ನಕ್ಕ. ಹೊನ್ನೂರುಸ್ವಾಮಿ ನಗಲಿಲ್ಲ.

ಸುಮಲತಾ ಕಟ್ಟೆಯ ತುದಿಗೆ ಕೂತು ನಿಧಾನವಾಗಿ ಹೇಳಿದಳು. "ಒಣಹುಲ್ಲು ಹೊಟ್ಟಿ ತುಂಬಸ್ತದ, ಮೈ ತುಂಬಸಂಗಿಲ್ಲ. ಮಳೆಗಾಲದ ಹಸಿ ಹುಲ್ಲಿನಾಗ ಇರೋ ಸತ್ವ ಈಗಿನ ಕಡ್ಡ್ಯಾಗ ಇಲ್ಲ. ಅದರಾಗ ಈಯಾಕ ಒಂದೂವರಿ ತಿಂಗಳು ಐತಿ ಅನ್ನಾಗ ಮರಿ ದಬಾದಬಾ ಬೆಳೀತದ. ಶಿಫ್ಟ್ ಬಿಟ್ಟಾಗ ತೋರಣಗಲ್ಲು ಬಸ್ಸು ನೋಡೀಯಲ್ಲ? ಒಳಗ ಕಾಲಿಡಾಕ ಜಾಗ ಇರಂಗಿಲ್ಲ. ಗಬ್ಬದ ಕುರಿ ಹೊಟ್ಟಿನೂ ಹಂಗ. ಮರಿ ಜಾಗ ಹಿಡೀತು, ಇನ್ನ ಹುಲ್ಲಿಗೆಲ್ಲೈತಿ ಜಾಗ? ಸಣ್ಣ ಜಾಗದಾಗ ಸತ್ವ ಇರೋದು ಹಾಕಬೇಕು."

"ನನ್ನ ಕುರಿ ಬಡಕಲು ಇಲ್ಲ. ದಿನಾ ನೋಡ್ತೀನಿ. ನಂಗೇನು ಕಣ್ಣಿಲ್ಲೇನು?"

"ಕಣ್ಣಿಲ್ಲದಾಂವ ನಾ ಅದೀನಿ" ಎಂದು ಮೂಕಪ್ಪ ಎದ್ದ. "ಒಂದು ಕುರಿ ಹಿಡ್ಕೊಂಡು ಬಾರವ್ವ ಇಲ್ಲಿ."

ಸುಮಲತಾ ಕೈಗೆ ಸಿಕ್ಕ ಕುರಿಯನ್ನು ಹಿಡಿದು ತಂದಳು. ಮುದುಕನ ಕೈಯನ್ನು ಕುರಿಯ ಕೊನೆಯ ಪಕ್ಕೆಲುಬಿನ ಹಿಂದೆ, ನಡುಬೆನ್ನಿನ ಮೇಲೆ ಇಟ್ಟಳು. ಮೂಕಪ್ಪನ ಬೆರಳುಗಳು ಉಣ್ಣೆಯೊಳಗೆ ಇಳಿದವು. ಮುಂದೆ ಹೋದವು, ಹಿಂದೆ ಬಂದವು, ನಿಂತವು.

"ಏ ಸ್ವಾಮಿ, ಇದು ಕುರಿ ಅಲ್ಲಲೇ, ಬಾಚಣಿಗಿ. ಮ್ಯಾಲೆ ಕಂಬಳಿ ಹೊಚ್ಚಿ ಎಲುಬು ಮೇಸಾಕ ಹತ್ತೀಯಲ್ಲೋ!"

ಹೊನ್ನೂರುಸ್ವಾಮಿಯ ಮುಖ ಸಣ್ಣದಾಯಿತು. ಸುಮಲತಾ ಅವನಿಗೆ ಮುಷ್ಟಿ ಕಟ್ಟಲು ಹೇಳಿದಳು. "ನಿನ್ನ ಬೆರಳಿನ ಗೆಣ್ಣಿನ ಮ್ಯಾಲೆ ಇನ್ನೊಂದು ಕೈ ಆಡಿಸು. ಉಬ್ಬು ತಗ್ಗು, ಉಬ್ಬು ತಗ್ಗು. ಕುರಿ ಬೆನ್ನು ಕೈಗೆ ಹಂಗ ಹತ್ತಿದ್ರ ಅದು ಬಡಕಲು. ಈಗ ಮುಷ್ಟಿ ಬಿಡು. ಅಂಗೈ ಹಿಂಬದಿ ಮುಟ್ಟು. ಎಲುಬು ಐತಿ ಅಂತ ಗೊತ್ತಾಗ್ತದ, ಚುಚ್ಚಂಗಿಲ್ಲ. ಹಂಗಿದ್ರ ಚಲೋ."

ಉಣ್ಣೆ ದಟ್ಟವಾಗಿರುವ ನಮ್ಮ ಬಳ್ಳಾರಿ ಕುರಿಯ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಅಪ್ಪ ಮಗ ಇಬ್ಬರೂ ಸೇರಿ ಹದಿನೆಂಟು ಕುರಿಗಳ ಬೆನ್ನು ಮುಟ್ಟಿದರು. ಹನ್ನೊಂದು ಬಾಚಣಿಗೆ. ಏಳು ಪರವಾಗಿಲ್ಲ.

"ಸರಿ ತಂಗಿ, ಬಡಕಲು ಅದಾವು, ಒಪ್ಪಿದೆ" ಎಂದ ಹೊನ್ನೂರುಸ್ವಾಮಿ. "ಆದ್ರ ಕಾಳು ಹಾಕಿದ್ರ ಸಾಯ್ತಾವು. ನಾ ಕಣ್ಣಾರೆ ಕಂಡೀನಿ."

ನೀರಿನ ಕೊಡ ಹೊತ್ತು ಬರುತ್ತಿದ್ದ ಸುಂಕಮ್ಮ ಬಾಗಿಲಲ್ಲೇ ನಿಂತಳು. ಸುಮಲತಾಗೆ ಹೋದ ವರ್ಷದ ಸಂಗತಿ ಗೊತ್ತಿರಲಿಲ್ಲ. "ಯಾರು ಹಾಕಿದ್ರು? ಎಷ್ಟು ಹಾಕಿದ್ರು?" ಎಂದಳು.

"ನಾನೇ ಹಾಕಿದ್ದು" ಎಂದಳು ಸುಂಕಮ್ಮ. ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂತು. "ಎರಡು ಬಕೆಟ್ ಅನ್ನ. ಹಸದಿದ್ವವ್ವ ಅವು."

"ಒಂದೇ ಸಲಕ್ಕ?"

"ಒಂದೇ ಸಲಕ್ಕ."

ಸುಮಲತಾ ಅವಳ ತಲೆಯ ಮೇಲಿನ ಕೊಡ ಇಳಿಸಿಕೊಂಡಳು. "ಅಕ್ಕಾ, ಬ್ಯಾಸಿಗ್ಯಾಗ ದ್ವಾಸಿ ಹಿಟ್ಟು ಮುಚ್ಚಿಟ್ರ ಏನಾಗ್ತದ? ಹುಳಿ ಬಂದು ಉಕ್ಕತದ. ಹುಲ್ಲಿಗೆ ರೂಢಿಯಾದ ಹೊಟ್ಟಿಗೆ ಅನ್ನ ಆಗಲಿ, ಜ್ವಾಳ ಆಗಲಿ, ಮೆಕ್ಕೆಜೋಳ ಆಗಲಿ, ಒಮ್ಮಿಗೇ ಸುರದ್ರ ಒಳಗ ಹಂಗೇ ಹುಳಿಯಾಗ್ತದ. ಕುರಿಯಾದ್ರೂ ಸಾಯ್ತದ, ಎತ್ತಾದ್ರೂ ಸಾಯ್ತದ. ನೀ ಹಾಕಿದ್ದು ತಪ್ಪಲ್ಲ. ಒಮ್ಮಿಗೇ ಹಾಕಿದ್ದು ತಪ್ಪು. ಮತ್ತ ಹೊತ್ತೂ ಮೀರಿತ್ತು. ಮರಿ ಮೈ, ತಾಯಿ ಕೆಚ್ಚಲು ಎರಡೂ ಈಯೋಕಿಂತ ಮೊದಲೇ ಕಟ್ತಾವು. ಈಗ ಸರಿಯಾದ ಹೊತ್ತು."

"ಗಬ್ಬದಾಗ ಹಾಕಿದ್ರ ಮರಿ ದಪ್ಪಾಗಿ ಸಿಕ್ಕೊಂತದ ಅಂತಾರಲ್ಲ?" ಹೊನ್ನೂರುಸ್ವಾಮಿ ಇನ್ನೂ ಬಿಡಲಿಲ್ಲ.

"ಕೊಬ್ಬಿದ ಕುರಿಗೆ ಹಾಕಿದ್ರ ಆಗಬಹುದು. ಅದಕ್ಕ ಎಲ್ಲಾದಕ್ಕೂ ಬ್ಯಾಡ ಅಂತೀನಿ. ಹನ್ನೊಂದಕ್ಕ ಮಾತ್ರ ಹಾಕು. ಉಳಿದ ಏಳಕ್ಕ ಮನ್ಯಾಗಿನ ಶೇಂಗಾ ಹೊಟ್ಟು, ನೆಕ್ಕಾಕ ಉಪ್ಪು, ಖನಿಜ ಸಾಕು. ಹದಿನೈದು ದಿನಕ್ಕೊಮ್ಮೆ ಮತ್ತ ಬೆನ್ನ ಮ್ಯಾಲೆ ಕೈ ಇಡು."

ಎರಡು ದಿನ ಬಿಟ್ಟು ಮಿಶ್ರಣ ತಯಾರಾಯಿತು. ಐದು ಪಾಲು ಮೆಕ್ಕೆಜೋಳದ ನುಚ್ಚು, ಮೂರು ಪಾಲು ಶೇಂಗಾ ಹಿಂಡಿ, ಎರಡು ಪಾಲು ತವಡು. ಹತ್ತು ಕಿಲೋಕ್ಕೆ ಇನ್ನೂರು ಗ್ರಾಂ ಖನಿಜ ಮಿಶ್ರಣ, ನೂರು ಗ್ರಾಂ ಉಪ್ಪು. ಖನಿಜ ಮಿಶ್ರಣ ಕುರಿಗೆಂದೇ ಮಾಡಿದ್ದು ಇರಬೇಕು, ದನದ್ದು ಕುರಿಗೆ ಆಗದು ಎಂದು ಸುಮಲತಾ ಎರಡೆರಡು ಸಲ ಹೇಳಿದಳು. ಹಿಂಡಿಯ ಒಂದು ಮೂಲೆಗೆ ಬೂಸ್ಟು ಹಿಡಿದಿತ್ತು. ಅದನ್ನು ಮುರಿದು ತಿಪ್ಪೆಗೂ ಹಾಕಗೊಡದೆ ಮಣ್ಣಲ್ಲಿ ಹೂಳಿಸಿದಳು.

"ಮೊದಲ ಮೂರು ದಿನ ಕುರಿಗೊಂದು ಹಿಡಿ. ಆಮ್ಯಾಲೆ ಎರಡು. ಹಂಗ ಏರಿಸ್ತಾ ಎರಡು ವಾರದಾಗ ನಾಲ್ಕು ಹಿಡಿ. ಮುಂಜಾನೆ ಎರಡು, ಸಂಜೀಗೆ ಎರಡು."

ಹೊನ್ನೂರುಸ್ವಾಮಿ ಚೀಲಕ್ಕೆ ಕೈ ಹಾಕಿ ಮುಷ್ಟಿ ತುಂಬಿ ತೆಗೆದ.

"ಅಯ್ಯೋ ಬ್ಯಾಡಣ್ಣ! ಅದು ಹಿಡಿ ಅಲ್ಲ, ಮೊರ. ಸುಂಕಮ್ಮಕ್ಕನ ಹಿಡೀನೇ ಅಳತಿ. ಐವತ್ತು ಗ್ರಾಂ ಸರಿಯಾಗಿ ಬರ್ತದ."

ಸುಂಕಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ ಬ್ಯಾಡವ್ವ. ಬ್ಯಾರೆ ಯಾರರ ಹಾಕ್ಲಿ."

ಕಟ್ಟೆಯ ಮೇಲಿಂದ ಮೂಕಪ್ಪ ಹೇಳಿದ: "ಕೈ ಕೆಟ್ಟಿದ್ದಿಲ್ಲವ್ವ. ಅಳತಿ ಕೆಟ್ಟಿತ್ತು."

ಹೊನ್ನೂರುಸ್ವಾಮಿ ಮುಷ್ಟಿಯಲ್ಲಿದ್ದದ್ದನ್ನು ಚೀಲಕ್ಕೆ ಸುರಿದ. ಚೀಲವನ್ನು ಎಳೆದು ತಂದು ಹೆಂಡತಿಯ ಕಾಲ ಬಳಿ ಇಟ್ಟ.

ಹನ್ನೊಂದು ಕುರಿಗಳ ಹಣೆಗೆ ಗುರುತಿಗೆಂದು ಕೆಮ್ಮಣ್ಣು ಹಚ್ಚಿದರು. "ಕುಬಸದ ಕುಂಕುಮ ಆತು ಬಿಡ್ರಿ" ಎಂದ ಮೂಕಪ್ಪ. ಗಟ್ಟಿ ಕುರಿಗಳು ನುಗ್ಗಿ ಬಡಕಲು ಕುರಿಗಳ ಪಾಲು ತಿನ್ನದಂತೆ ಇವನ್ನು ಬೇರೆ ಕಟ್ಟಿದರು. ಉದ್ದಕ್ಕೆ ಸೀಳಿದ ಪೈಪು ಗೋದಲಿಯಾಯಿತು. ಹೊನ್ನೂರುಸ್ವಾಮಿ ದಿನಾ ಎದ್ದವನೇ ಹಿಕ್ಕೆ ನೋಡುತ್ತಿದ್ದ. ಐದನೆಯ ದಿನ ಒಂದು ಕುರಿಯ ಹಿಕ್ಕೆ ತೆಳ್ಳಗಾಗಿತ್ತು. "ನೋಡು, ಶುರುವಾತು. ನಿಲ್ಲಿಸಿಬಿಡು ಎಲ್ಲಾ" ಎಂದು ಅವನು ಕೂಗಾಡಿದ. ಸುಂಕಮ್ಮ ನಿಲ್ಲಿಸಲಿಲ್ಲ. ಸುಮಲತಾಗೆ ಫೋನು ಮಾಡಿದಳು. ಆ ಒಂದು ಕುರಿಗೆ ಮಾತ್ರ ಎರಡು ದಿನ ಬರೀ ಹೊಟ್ಟು, ನೀರು ಕೊಟ್ಟು, ಮತ್ತೆ ಒಂದು ಹಿಡಿಯಿಂದ ಶುರು ಮಾಡಿದಳು. ಹಿಕ್ಕೆ ಗಟ್ಟಿಯಾಯಿತು. ಅವತ್ತಿನಿಂದ ಹೊನ್ನೂರುಸ್ವಾಮಿ ಅವಳನ್ನು ಕೇಳದೆ ಚೀಲ ಮುಟ್ಟಲಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ ಮೊದಲ ಕುರಿ ಈಯಿತು. ಸುಂಕಮ್ಮ ಮರಿಯನ್ನು ಒರೆಸಿ ಮಾವನ ಮಡಿಲಿಗೆ ಇಟ್ಟಳು. ಮೂಕಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿದ.

"ತೂಕ ಐತವ್ವ" ಎಂದ.

ಹದಿನೆಂಟು ಕುರಿ, ಒಂದು ಅವಳಿ, ಒಟ್ಟು ಹತ್ತೊಂಬತ್ತು ಮರಿ. ಒಂದು ಹುಟ್ಟುವಾಗಲೇ ಸತ್ತಿತ್ತು. ಮೇವು ಸರಿಯಿದ್ದರೆ ಯಾವ ಮರಿಯೂ ಸಾಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿದ ಹದಿನೆಂಟು ಮರಿಗಳು ಮೊದಲ ಗಂಟೆಯೊಳಗೇ ಗಿಣ್ಣುಹಾಲು ಕುಡಿದವು. ತಿಂಗಳಾದ ಮೇಲೂ ಹದಿನೆಂಟೇ ಇದ್ದವು.

ಆ ವಾರ ತೋರಣಗಲ್ಲಿನಿಂದ ಮೇಸ್ತ್ರಿಯ ಫೋನು ಬಂತು. ಕೆಲಸ ಖಾಲಿ ಇದೆ, ನಾಳೆಯಿಂದಲೇ ಬಾ ಎಂದ. ಹೊನ್ನೂರುಸ್ವಾಮಿ ದೊಡ್ಡಿಯ ಕಡೆ ನೋಡಿದ. ಸುಂಕಮ್ಮ ಗೋದಲಿಯ ಉದ್ದಕ್ಕೂ ಹಿಡಿ ಹಿಡಿಯಾಗಿ ಹಾಕುತ್ತಾ ಹೋಗುತ್ತಿದ್ದಳು. ಅವಳ ಹಿಂದೆ ಹನ್ನೊಂದು ತಾಯಿಯರು, ಅವುಗಳ ಹಿಂದೆ ಮರಿಗಳು.

"ಇಲ್ಲ ಸಾರ್, ಬರಾಕಾಗಲ್ಲ" ಎಂದ. "ಮನ್ಯಾಗ ಬಾಣಂತ್ಯಾರು ಭಾಳ ಮಂದಿ ಅದಾರ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಡವಿಗೆ ಹೋಗಿ ಬರುವ ಕುರಿ ಇರಬಹುದು. ಮೂರು ವರ್ಷ ತುಂಬಿದರೂ ಬೆದೆಗೆ ಬಾರದ ಮಣಕ, ಅಂದರೆ ಇನ್ನೂ ಕರು ಹಾಕದ ಹರೆಯದ ಹಸು, ಇರಬಹುದು. ಸುಮಲತಾಳ ಮನೆಯ ಮಣಕವೂ ಹಾಗೇ ಇತ್ತು. ಮೇಯ್ದು ಬಂದ ಮೇಲೆ ದಿನಕ್ಕೆ ಒಂದು ಕಿಲೋ ಮಿಶ್ರಣ, ಸ್ವಲ್ಪ ಖನಿಜ, ಒಂದು ಹೊರೆ ಹಸಿ ಮೇವು ಕೊಟ್ಟ ಮೇಲೆ ನಾಲ್ಕನೆಯ ತಿಂಗಳಿಗೆ ಬೆದೆಗೆ ಬಂತು. ಆ ಮಣಕಕ್ಕೂ ಮೊದಲ ಒಂದು ವಾರ ಸ್ವಲ್ಪ ಸ್ವಲ್ಪವೇ ಹಾಕಿ ರೂಢಿ ಮಾಡಿಸಿದ್ದಳು. ಹಬ್ಬದ ಮನೆಯ ಅನ್ನ ಉಳಿದರೆ ದಯವಿಟ್ಟು ಬಕೆಟ್ ಹಿಡಿದು ದೊಡ್ಡಿಗೆ ಹೋಗಬೇಡಿ. ಮೇವಿನ ವಿಷಯದಲ್ಲಿ ಅನುಮಾನ ಬಂದರೆ ನಿಮ್ಮ ಊರಿನ ಪಶುಸಖಿಯನ್ನೋ ಪಶು ಆಸ್ಪತ್ರೆಯವರನ್ನೋ ಕೇಳಿ. ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ಇವತ್ತು ಸಂಜೆ ಹಿಂಡು ಮನೆಗೆ ಬಂದಾಗ ಹೊಟ್ಟೆ ನೋಡಿ ಸಮಾಧಾನಪಟ್ಟು ಊಟಕ್ಕೆ ಕೂರಬೇಡಿ. ಒಂದು ಕುರಿಯನ್ನು ಹಿಡಿದುಕೊಳ್ಳಿ. ಕೊನೆಯ ಪಕ್ಕೆಲುಬಿನ ಹಿಂದೆ, ಉಣ್ಣೆಯೊಳಗೆ ಬೆರಳು ಇಳಿಸಿ. ಅದು ಏನು ಉಂಡಿದೆ, ಏನು ಉಂಡಿಲ್ಲ ಎಂಬುದನ್ನು ನಿಮ್ಮ ಕೈಗೆ ಅದೇ ಹೇಳುತ್ತದೆ.